ಜಾಹೀರಾತು, ಕೀ, ಡೆಮೊ: ಹೊಸ ಆಟಗಾರರನ್ನು ಕರೆತಂದದ್ದು ಯಾವುದು?

ನಮ್ಮದು ಕಿಕ್‌ಸ್ಟಾರ್ಟರ್ ಅನ್ನೋ ತಾಣದಲ್ಲಿ ಜನರಿಂದ ಮೊದಲೇ ದುಡ್ಡು ಕೂಡಿಸಿ ಮಾಡಿದ ಪುಟ್ಟ ಯುದ್ಧತಂತ್ರದ ಆಟ. ಆರು ಮೂಲೆಯ ಮನೆಗಳ ನಕ್ಷೆ, ಸರದಿ ಪ್ರಕಾರ ನಡೆ, ಸೈನ್ಯಕ್ಕೆ ದವಸ ತಲುಪದಿದ್ದರೆ ಸೋಲು. ಇಂಥದ್ದಕ್ಕೆ ಜೀವ ಬಿಡುವವರು ಬ್ಯಾಕರ್‌ಗಳಾಗಿ, ಅಂದರೆ ದುಡ್ಡು ಹಾಕಿದವರಾಗಿ, ಆಗಲೇ ನಮ್ಮ ಜೊತೆ ಇದ್ದರು. ಉಳಿದವರನ್ನು ಕರೆತರಬೇಕಿತ್ತು. ಸೋಶಿಯಲ್ ಮೀಡಿಯಾ ಜಾಹೀರಾತು, ವಿಡಿಯೋ ಮಾಡುವವರಿಗೆ ಕೀ (ಆಟ ಪಡೆಯಲು ಹಾಕುವ ಕೋಡ್), ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರುಚಿ ತೋರಿಸುವ ಉಚಿತ ಡೆಮೊ, ಮೂರನ್ನೂ ಮಾಡಿ ನೋಡಿದೆವು. ನನ್ನ ಓಟು ಡೆಮೊಗೆ.

ಜಾಹೀರಾತಿನ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ದುಡ್ಡು ಸುರಿದಷ್ಟು ದಿನ ಜನ ಪುಟಕ್ಕೆ ಬಂದರು, ನಿಲ್ಲಿಸಿದ ಕೂಡಲೇ ಅವರೂ ನಿಂತರು. ಲಿಂಕಿಗೆ ಯುಟಿಎಂ (ಯಾವ ಜಾಹೀರಾತಿನಿಂದ ಬಂದರು ಅಂತ ತಿಳಿಸುವ ಗುರುತು) ಸೇರಿಸಿದ್ದರಿಂದ ಬಂದವರಲ್ಲಿ ಎಷ್ಟು ಜನ ವಿಶ್‌ಲಿಸ್ಟ್ ಮಾಡಿದರು, ಅಂದರೆ ಮುಂದೆ ಕೊಳ್ಳಲು ಪಟ್ಟಿಗೆ ಹಾಕಿಕೊಂಡರು, ಅಂತ ಗೊತ್ತಾಗುತ್ತಿತ್ತು. ತುಂಬಾ ಕಮ್ಮಿ. ನಿಧಾನಕ್ಕೆ ಯೋಚಿಸಿ ಆಡುವ ಆಟದ ರುಚಿ ಕೆಲವೇ ಸೆಕೆಂಡಿನ ವಿಡಿಯೋದಲ್ಲಿ ಹತ್ತುವುದಿಲ್ಲ.

ಕೀ ಹಂಚುವುದು ಮೇಲ್ನೋಟಕ್ಕೆ ಪುಕ್ಕಟೆ ದಾರಿ. ಇದೇ ಬಗೆಯ ಆಟಗಳನ್ನು ಆಡುವ ಸಣ್ಣ ಚಾನೆಲ್‌ಗಳು ಚೆನ್ನಾಗಿ ಕೆಲಸ ಮಾಡಿದವು. ಅಲ್ಲಿನ ನೋಡುಗರು ಕೇಳಿದ ಪ್ರಶ್ನೆಗಳಲ್ಲೇ ಗೊತ್ತಾಗುತ್ತಿತ್ತು, ಇವರು ನಮ್ಮ ಜನ ಅಂತ. ದೊಡ್ಡ ಚಾನೆಲ್‌ಗಳಿಂದ ಉತ್ತರವೇ ಬರಲಿಲ್ಲ. ಇನ್ನು ಯಾರದೋ ಹೆಸರು ಹೇಳಿಕೊಂಡು ಕೀ ಕೇಳುವ ಮೇಲ್‌ಗಳು ರಾಶಿ. ಚಾನೆಲ್ ಪುಟದಲ್ಲಿರುವ ವಿಳಾಸಕ್ಕೇ ವಾಪಸ್ ಬರೆದು ಖಾತ್ರಿ ಮಾಡಿಕೊಳ್ಳದೆ ಒಂದು ಕೀಯನ್ನೂ ಕೊಡಬೇಡಿ. ಸ್ಟೀಮ್‌ನಲ್ಲಿ ಆಟಗಳನ್ನು ಶಿಫಾರಸು ಮಾಡುವ ಕ್ಯುರೇಟರ್‌ಗಳಿಗಾದರೆ ಸ್ಟೀಮ್‌ನದೇ ಕ್ಯುರೇಟರ್ ಕನೆಕ್ಟ್ ಇದೆ, ಕೀ ಇಲ್ಲದೆಯೇ ಆಟ ಅವರ ಕೈ ಸೇರುತ್ತದೆ.

ನಿಜವಾದ ತೊಡಕು ಬೇರೆ ಇದೆ, ನಮ್ಮ ಹಾಗೆ ಕ್ರೌಡ್‌ಫಂಡಿಂಗ್ ಮಾಡಿದವರಿಗೆ ಅದು ಎಲ್ಲರಿಗಿಂತ ಜೋರಾಗಿ ತಟ್ಟುತ್ತದೆ. 2016ರ ಸೆಪ್ಟೆಂಬರ್‌ನಿಂದ ಸ್ಟೀಮ್‌ನಲ್ಲಿ ಒಂದು ನಿಯಮವಿದೆ. ಕೀ ಹಾಕಿ ಆಟ ಪಡೆದವರು ವಿಮರ್ಶೆ ಬರೆಯಬಹುದು, ಆದರೆ ಒಟ್ಟು ಅಂಕಕ್ಕೆ ಅದು ಸೇರುವುದಿಲ್ಲ. ದುಡ್ಡು ಕೊಟ್ಟು ಬರೆಸಿದ ಹೊಗಳಿಕೆ ತಡೆಯಲು ಅದು ಬೇಕೇ ಬೇಕು, ತಕರಾರಿಲ್ಲ. ಆದರೆ ನಮ್ಮ ಬ್ಯಾಕರ್‌ಗಳಿಗೆಲ್ಲ ಸಿಕ್ಕಿದ್ದು ಕೀ ಅಲ್ವಾ?

ಬಿಡುಗಡೆಯ ದಿನ ಆಟವನ್ನು ಎಲ್ಲರಿಗಿಂತ ಮೊದಲು ಆಡಿ, ಮನಸಾರೆ ಉದ್ದುದ್ದ ಬರೆದವರು ಅವರೇ. ಅಂಗಡಿ ಪುಟದಲ್ಲಿ ಮಾತ್ರ ಅಂಕದ ಜಾಗ ಖಾಲಿ. ಸ್ಟೀಮ್‌ನಲ್ಲೇ ಕೊಂಡವರಿಂದ ಕನಿಷ್ಠ 10 ವಿಮರ್ಶೆ ಬರುವವರೆಗೆ ಅಲ್ಲಿ ಅಂಕ ಮೂಡುವುದಿಲ್ಲ. ಆಟದ ಹೆಸರನ್ನೇ ಕೇಳದವರು ಮೊದಲು ನೋಡುವುದು ಆ ಒಂದು ಸಾಲನ್ನು. ವರ್ಷಗಟ್ಟಲೆ ಕಾದು ಕೈಹಿಡಿದವರ ಪ್ರೀತಿ ಹೊಸಬರ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಡೆಮೊ ಗೆದ್ದದ್ದು ಇಲ್ಲೇ. ಡೆಮೊ ಆಡಿ ಮೆಚ್ಚಿದವರು ಸ್ಟೀಮ್‌ನಲ್ಲೇ ಕೊಳ್ಳುತ್ತಾರೆ, ಅವರ ಮಾತು ಲೆಕ್ಕಕ್ಕೆ ಬರುತ್ತದೆ. ವಿಶ್‌ಲಿಸ್ಟ್ ಮಾಡಿದವರಿಗೆ ಬಿಡುಗಡೆಯ ದಿನ ಸ್ಟೀಮೇ ಮೇಲ್ ಕಳಿಸುತ್ತದೆ.

ಆದರೆ ಆಟದ ಮೊದಲ ಅಧ್ಯಾಯವನ್ನು ಸುಮ್ನೆ ಕತ್ತರಿಸಿ ಹಾಕಿದರೆ ಡೆಮೊ ಆಗುವುದಿಲ್ಲ. ನಾವು ಅದಕ್ಕೆಂದೇ ಪುಟ್ಟ ನಕ್ಷೆ ಮಾಡಿದೆವು: ಒಂದು ಹೊಳೆ, ಒಂದೇ ಸೇತುವೆ, ಮೂರು ದಳ. ಆತುರದಲ್ಲಿ ದಳಗಳನ್ನು ಮುಂದೆ ಓಡಿಸಿದರೆ ದವಸದ ಗಾಡಿ ಆಚೆ ದಡದಲ್ಲೇ ಉಳಿಯುತ್ತದೆ. ಮೂರನೇ ಸರದಿಗೆ ದಳಗಳ ಬಲ ಕುಸಿಯುತ್ತದೆ. ಆಟ ಏನು ಅಂತ ಅಷ್ಟರಲ್ಲಿ ಅರ್ಥವಾಗಿರುತ್ತದೆ, ಒಂದು ಪುಟ ಸೂಚನೆಯನ್ನೂ ಓದಿಸಬೇಕಿಲ್ಲ. ಕೊನೆಯ ಪರದೆಯಲ್ಲಿ ವಿಶ್‌ಲಿಸ್ಟ್ ಬಟನ್.

ಬರಲಿರುವ ಆಟಗಳ ಡೆಮೊಗಳ ಹಬ್ಬವಾದ ಸ್ಟೀಮ್ ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಆದರೆ ಒಂದು ಆಟಕ್ಕೆ ಒಂದೇ ಅವಕಾಶ. ಹಾಗಾಗಿ ಡೆಮೊ ಮೊದಲೇ ಹೊರಗಿಟ್ಟು, ಬಂದ ದೂರುಗಳನ್ನೆಲ್ಲ ಸರಿಮಾಡಿ ಆಮೇಲೆ ಫೆಸ್ಟ್‌ಗೆ ಹೋಗಿ. ಕಷ್ಟ ಅಂದರೆ, ಪ್ರತಿ ಬಗ್ಗನ್ನೂ (ದೋಷವನ್ನೂ) ಆಟದಲ್ಲೂ ಡೆಮೊದಲ್ಲೂ ಎರಡು ಕಡೆ ಸರಿಪಡಿಸಬೇಕು.

ದಿನಾ ಕೂತು ಜಾಹೀರಾತಿನ ಅಂಕಿ ನೋಡುವ ತಾಳ್ಮೆ ನನಗಿಲ್ಲ, ಅದಕ್ಕೆ ಸುರಿಯುವ ದುಡ್ಡೂ ಇಲ್ಲ. ರಾತ್ರಿ ಕೂತು ಡೆಮೊ ತಿದ್ದು ಅಂದರೆ ಖುಷಿಯಾಗಿ ತಿದ್ದುತ್ತೇನೆ. ಕೈಯಲ್ಲಿ ಬಜೆಟ್ ಇದ್ದು ಬೇಗ ಮುಗಿಯುವ, ಕಣ್ಣಿಗೆ ಹೊಡೆಯುವ ಆಟ ನಿಮ್ಮದಾದರೆ ಲೆಕ್ಕ ಬೇರೆಯಾಗಬಹುದು. ನಮ್ಮ ಮುಂದಿನ ಆಟಕ್ಕೆ ಡೆಮೊವನ್ನು ಕಿಕ್‌ಸ್ಟಾರ್ಟರ್‌ಗೂ ಮೊದಲೇ ಬಿಡುತ್ತೇವೆ. 2013ರಲ್ಲಿ ಅಂಡರ್‌ಟೇಲ್ ಅನ್ನೋ ಆಟ ಹಾಗೆಯೇ ಮಾಡಿತ್ತು: ಕೇಳಿದ್ದು 5,000 ಡಾಲರ್, ಕೂಡಿದ್ದು 51,000 ಡಾಲರ್‌ಗೂ ಜಾಸ್ತಿ.