ಡಾಕ್ಟರ ಬದಲು ಸಿಸ್ಟರ್ ಮನೆಗೆ ಬಂದಾಗ

ಮೂವತ್ತು ಬಿಪಿ ಮಾತ್ರೆ ತರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ, ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಸಾಲಿನಲ್ಲೇ ಮಧ್ಯಾಹ್ನವಾಗುತ್ತದೆ. ಹಳ್ಳಿಯಲ್ಲಿ ಎಷ್ಟೋ ಜನ ‘ಈಗ ತಲೆಸುತ್ತು ಇಲ್ಲವಲ್ಲ’ ಎಂದು ಮಾತ್ರೆ ನಿಲ್ಲಿಸುವುದು ಈ ಲೆಕ್ಕ ಹಾಕಿಯೇ. ಲಕ್ವ ಹೊಡೆದು ಮಲಗಿದವರಿಗೆ, ಮಂಡಿ ಸವೆದ ಅಜ್ಜಿಯರಿಗೆ ಲೆಕ್ಕ ಹಾಕುವ ಮಾತೂ ಇಲ್ಲ. ಡಾಕ್ಟರೇ ಮನೆಗೆ ಬರಲಿ ಎನ್ನೋಣವೆಂದರೆ, ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪಿಎಚ್‌ಸಿ ಎಂಬುದು ಸರ್ಕಾರದ ಮಾನದಂಡ. ಒಪಿಡಿ ಬಿಟ್ಟು ಕೇರಿ ಸುತ್ತಲು ವೈದ್ಯಾಧಿಕಾರಿಗೆ ಹೊತ್ತೆಲ್ಲಿ?

ಅವರ ಬದಲು ತರಬೇತಾದ ಸಿಬ್ಬಂದಿಯನ್ನು ಮನೆಗೆ ಕಳಿಸುವುದು ಕರ್ನಾಟಕದ ಗೃಹ ಆರೋಗ್ಯ ಯೋಜನೆಯ ದಾರಿ. 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 30 ದಾಟಿದವರಿಗೆ ಮನೆಯಲ್ಲೇ ತಪಾಸಣೆ, ಬಿಪಿ ಮತ್ತು ಶುಗರ್ ಇದ್ದವರಿಗೆ ಉಚಿತ ಮಾತ್ರೆ. ಮಾತ್ರೆ ತಲುಪಿಸುವ ಸೇವೆ ಎಂದು ನೋಡಿದರೆ ಇದಕ್ಕೆ ಕೈತುಂಬ ಅಂಕ ಕೊಡಬಹುದು. ಡಾಕ್ಟರ ಭೇಟಿಗೆ ಬದಲಿ ಎಂದು ನೋಡಿದರೆ ಮಾತ್ರ, ಬಂದವರು ಏನು ಅಳೆದರು, ಅಳೆದದ್ದನ್ನು ಆಮೇಲೆ ಯಾರು ಓದಿದರು ಎಂದು ಕೇಳಬೇಕಾಗುತ್ತದೆ.

ಬರುವವರು ಯಾರೆಂದು ಮೊದಲು ತಿಳಿದಿರಲಿ, ಎಲ್ಲರನ್ನೂ ‘ಸಿಸ್ಟರ್’ ಎಂದು ಕರೆದರೂ ಕೆಲಸ ಬೇರೆ ಬೇರೆ. ಸುಮಾರು ಸಾವಿರ ಜನರಿಗೆ ಒಬ್ಬರಂತೆ ಇರುವ ಆಶಾ ಕಾರ್ಯಕರ್ತೆ ಊರಿನವರೇ. ವಯಸ್ಸು, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ಮೈಕೆಲಸ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದ ಸೊಂಟಕ್ಕೆ ಅಂಕ ಏರುತ್ತದೆ; ಒಟ್ಟು 4 ದಾಟಿದರೆ ತಪಾಸಣೆಯಲ್ಲಿ ಮೊದಲ ಸರದಿ. ಸಮುದಾಯ ಆರೋಗ್ಯ ಅಧಿಕಾರಿ, ಜನರ ಬಾಯಲ್ಲಿ ಸಿಎಚ್‌ಒ, ನರ್ಸಿಂಗ್ ಓದಿ ಅದರ ಜೊತೆಗೆ ಸಮುದಾಯ ಆರೋಗ್ಯದ ತರಬೇತಿ ಪಡೆದವರು. ಡಾಕ್ಟರು ಒಮ್ಮೆ ಬರೆದ ಮಾತ್ರೆಯನ್ನು ಅವರು ಮುಂದುವರಿಸಿ ಕೊಡಬಹುದು. ಹೊಸದು ಶುರುಮಾಡಲು, ಪ್ರಮಾಣ ಬದಲಿಸಲು ವೈದ್ಯಾಧಿಕಾರಿಯನ್ನೋ ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ) ಸಿಕ್ಕ ಡಾಕ್ಟರನ್ನೋ ಕೇಳಬೇಕು. ‘ಇನ್ನೊಂದು ಮಾತ್ರೆ ಸೇರಿಸಿ ಕೊಡಿ ಸಿಸ್ಟರ್’ ಎಂದು ದುಂಬಾಲು ಬಿದ್ದಾಗ ಅವರು ಒಪ್ಪದಿದ್ದರೆ ಅದು ಬಿಗುಮಾನವಲ್ಲ.

ಇನ್ನು ಬಿಪಿ. ಈ ಸೇವೆಯಲ್ಲಿ ಹೆಚ್ಚು ನಡೆಯುವ ಕೆಲಸ ಅದು, ಹೆಚ್ಚು ಕೆಡುವುದೂ ಅದೇ. ಜಗಲಿ ಕಟ್ಟೆಯ ಮೇಲೆ ಕೂರಿಸಿ ಅಳೆಯುವುದು ವಾಡಿಕೆ: ಬೆನ್ನಿಗೆ ಒರಗು ಇಲ್ಲ, ಕಾಲು ನೆಲಕ್ಕೆ ತಾಗಿಲ್ಲ, ತೋಳು ಜೋತುಬಿದ್ದಿದೆ, ಪಕ್ಕದ ಮನೆಯವರೊಡನೆ ಮಾತು ನಡೆದೇ ಇದೆ. ಇಷ್ಟರಲ್ಲಿ ಪ್ರತಿಯೊಂದೂ ಬಿಪಿಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರ ಕಟ್ಟಿಕೊಂಡು ಕೂರಬಾರದು. ಪಟ್ಟಿಯನ್ನು ಕುಪ್ಪಸದ ತೋಳಿನ ಮೇಲೆ ಸುತ್ತದೆ ಬರಿ ತೋಳಿಗೆ ಕಟ್ಟಿ, ತೋಳನ್ನು ಎದೆಯ ಮಟ್ಟಕ್ಕೆ ಆನಿಸಬೇಕು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು ಶೇ. 80 ಭಾಗ ಆವರಿಸಬೇಕು. ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಬಿಗಿದರೆ ಇಲ್ಲದ ಬಿಪಿಯೂ ಬರುತ್ತದೆ, ಬೇಡದ ಮಾತ್ರೆಯೂ ಬರುತ್ತದೆ. ಆದ್ದರಿಂದ ಚೀಲದಲ್ಲಿ ದೊಡ್ಡ ಪಟ್ಟಿ ಇರಲೇಬೇಕು. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ಅಳೆದು ಎರಡನ್ನೂ ಬರೆಯಬೇಕು. ನಾಡಿ ಏರುಪೇರಾಗಿದ್ದರೆ ಡಿಜಿಟಲ್ ಯಂತ್ರ ತಪ್ಪು ಹೇಳುವುದುಂಟು, ಹಾಗಾಗಿ ಬೆರಳಿಟ್ಟು ನಾಡಿ ನೋಡುವ ಹಳೇ ಅಭ್ಯಾಸ ಬಿಡಬಾರದು.

ವಯಸ್ಸಾದವರಲ್ಲಿ ಒಂದು ಅಳತೆ ತಪ್ಪಿಹೋಗುತ್ತದೆ: ನಿಂತಾಗಿನ ಬಿಪಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ನೋಡಿದಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಡಾಕ್ಟರಿಗೆ ತಿಳಿಸಲೇಬೇಕು. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ಇಂಥ ಇಳಿತವೂ ಒಂದು ಕಾರಣ. 180/110 ಮುಟ್ಟಿದರೆ ಮುಂದಿನ ಭೇಟಿಗೆ ಕಾಯದೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಜೊತೆಗೆ ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಕೂಡಲೇ 108ಕ್ಕೆ ಕರೆ.

ಶುಗರ್ ನೋಡುವಾಗಿನ ತಪ್ಪು ಹೆಚ್ಚಾಗಿ ಬೆರಳ ತುದಿಯಲ್ಲೇ ಇರುತ್ತದೆ. ಹಲಸಿನ ತೊಳೆ ಬಿಡಿಸಿದ, ಬೆಲ್ಲ ಮುಟ್ಟಿದ ಕೈಯಿಂದ ತೆಗೆದ ರಕ್ತ ಮುನ್ನೂರು ತೋರಿಸಿದರೂ ಆಶ್ಚರ್ಯವಿಲ್ಲ. ಸೋಪಿನಿಂದ ತೊಳೆದು ಒರೆಸಿದ ಬೆರಳೇ ಸಾಕು. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರುವ ತನಕ ಚುಚ್ಚಬಾರದು. ರಕ್ತದ ಹನಿ ಹಾಕುವ ಸ್ಟ್ರಿಪ್‌ಗಳ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೆ ಕೆಡುತ್ತದೆ, ಏಪ್ರಿಲ್ ಬಿಸಿಲಲ್ಲಿ ಸ್ಕೂಟಿಯ ಡಿಕ್ಕಿಯಲ್ಲಿಟ್ಟರೆ ಸೆಕೆಗೆ ಕೆಡುತ್ತದೆ. ಡಬ್ಬಿ ತೆರೆದ ತಾರೀಕು ಅದರ ಮೇಲೆ ಬರೆದಿದೆಯೇ ಎಂದು ಮನೆಯವರೂ ನೋಡಬಹುದು, ಸಂಕೋಚ ಬೇಡ. ಯಂತ್ರ 70ಕ್ಕಿಂತ ಕಡಿಮೆ ತೋರಿಸಿ, ಮೈ ಬೆವರಿ ಕೈ ನಡುಗುತ್ತಿದ್ದರೆ, ನುಂಗುವಷ್ಟು ಎಚ್ಚರವಿದ್ದವರಿಗೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡುವುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಆಸ್ಪತ್ರೆಯ ಒಪಿಡಿಗಿಂತ ಮನೆಭೇಟಿ ಒಂದು ಕೈ ಮೇಲಾಗುವ ಜಾಗವೂ ಇದೆ, ಅದು ಗೋಡೆಗೂಡಿನಲ್ಲಿರುವ ಮಾತ್ರೆ ಚೀಲ. ಅದನ್ನು ಚಾಪೆಯ ಮೇಲೆ ಸುರಿದರೆ ಪೇಟೆಯ ಡಾಕ್ಟರು ಬರೆದ ಬಿಪಿ ಮಾತ್ರೆ ಅಮ್ಲೋಡಿಪಿನ್ ಒಂದು ಹೆಸರಿನಲ್ಲಿ, ಪಿಎಚ್‌ಸಿಯ ಅಮ್ಲೋಡಿಪಿನ್ ಇನ್ನೊಂದು ಹೊದಿಕೆಯಲ್ಲಿ ಸಿಗುವುದುಂಟು. ಎರಡನ್ನೂ ನುಂಗಿ ಪಾದ ಊದಿಸಿಕೊಂಡವರಿಗೆ ಕಾರಣವೇ ಗೊತ್ತಿರುವುದಿಲ್ಲ. ಅಂಗಡಿಯಿಂದ ತಂದ ಮಂಡಿನೋವಿನ ಡೈಕ್ಲೋಫೆನಾಕ್ ಸಿಕ್ಕರಂತೂ ಬಿಪಿ ಯಾಕೆ ಇಳಿಯುತ್ತಿಲ್ಲ ಎಂಬುದಕ್ಕೆ ಉತ್ತರವೇ ಸಿಕ್ಕಿರಬಹುದು. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಜೊತೆ ಅದನ್ನು ದಿನವೂ ತಿಂದರೆ ಕಿಡ್ನಿಗೂ ಪೆಟ್ಟು. ಶುಗರ್ ಇಳಿಸುವ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಏಕಾದಶಿಗೋ ರಂಜಾನಿಗೋ ಉಪವಾಸ ಮಾಡುತ್ತಾರೆಯೇ ಎಂದು ಕೇಳುವುದೂ ಇದೇ ಹೊತ್ತಿನಲ್ಲಿ. ಹತ್ತು ನಿಮಿಷದ ಈ ಕೆಲಸಕ್ಕೆ ಯಾವ ಯಂತ್ರವೂ ಬೇಡ. ಆದರೆ ದಿನಕ್ಕೆ ಇಷ್ಟು ಮನೆ ಎಂಬ ಗುರಿ ತಲೆಯ ಮೇಲಿದ್ದು, ಮೊಬೈಲಿನಲ್ಲಿ ಎಂಟ್ರಿ ಬಾಕಿ ಇದ್ದರೆ ಮೊದಲು ಕೈಬಿಡುವುದೂ ಇದೇ.

ಹಾಸಿಗೆ ಹಿಡಿದವರ ಮನೆಯಲ್ಲಿ ಬಿಪಿಗಿಂತ ಮೊದಲು ಬೆನ್ನು ತಿರುಗಿಸಿ ನೋಡಬೇಕು. ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ, ತೊಡೆಸಂದಿನ ಹೊರಮೂಳೆಯ ಮೇಲೆ ಒತ್ತುಹುಣ್ಣು ಶುರುವಾಗುತ್ತದೆ. ಪುಸ್ತಕದಲ್ಲಿ ‘ಕೆಂಪು’ ಎಂದಿರುತ್ತದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದು ಕಡಿಮೆ, ಮುಟ್ಟಿದಾಗ ಬಿಸಿಯೋ ಗಟ್ಟಿಯೋ ಎನಿಸುವ ಜಾಗವನ್ನು ಹುಡುಕಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಕೆಡುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಚಿದ ಕಂಬಳಿ ಇಡುವುದು ಮುಖ್ಯ. ಗಾಯ ತೊಳೆಯಲು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಸಾಕು. ಮೂತ್ರದ ನಳಿಕೆ ಇದ್ದರೆ ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ನಳಿಕೆ ಹಾಕಿದ ತಾರೀಕು, ಅದು ಲ್ಯಾಟೆಕ್ಸೋ ಸಿಲಿಕಾನೋ ಎಂಬುದು ಚೀಟಿಯಲ್ಲಿರಬೇಕು; ಬದಲಿಸುವ ಅವಧಿ ಎರಡಕ್ಕೂ ಬೇರೆ.

ಅಳತೆ ಸರಿಯಾಯಿತು ಅನ್ನೋಣ. ಆಮೇಲೆ? ಸೇವೆ ಸೊರಗುವುದು ಇಲ್ಲಿ. 160/100 ಎಂಬ ಅಂಕಿ ಮೊಬೈಲಿನೊಳಗೆ ಹೋಗುತ್ತದೆ. ಡಾಕ್ಟರು ಅದನ್ನು ನೋಡಿ ‘ಇದನ್ನು ಹೆಚ್ಚಿಸಿ, ಹದಿನೈದು ದಿನ ಬಿಟ್ಟು ಮತ್ತೆ ನೋಡಿ’ ಎಂದು ಹೇಳಿ ಆ ಮಾತು ಮನೆಗೆ ತಿರುಗಿ ಬಾರದಿದ್ದರೆ, ಮುಂದಿನ ತಿಂಗಳೂ ಅದೇ ಮಾತ್ರೆ, ಅದೇ 160. ಜರ್ಮನಿಯ ಈಶಾನ್ಯದ ವೈದ್ಯರಿಲ್ಲದ ಹಳ್ಳಿಗಳಲ್ಲಿ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದವರು 2005ರಿಂದ ‘ಆಗ್ನೆಸ್’ ಎಂಬ ಹೆಸರಿನಲ್ಲಿ ಇದೇ ಕೆಲಸವನ್ನು ಪ್ರಯೋಗಿಸಿದ್ದರು. ಅಲ್ಲಿ ಮನೆಗೆ ಹೋಗುವ ಸಹಾಯಕಿ ಆ ರೋಗಿಯ ಡಾಕ್ಟರ ಜೊತೆಗೇ ಕೆಲಸ ಮಾಡುವವರು. ಯಾರ ಮನೆಗೆ, ಏನು ನೋಡಲು ಎಂಬುದನ್ನು ಡಾಕ್ಟರೇ ನಿರ್ಧರಿಸಿ ಕಳಿಸುತ್ತಾರೆ, ತಂದದ್ದನ್ನು ಅವರೇ ಓದುತ್ತಾರೆ. ಅಷ್ಟು ದೂರ ಬೇಡವೆಂದರೆ ಪಕ್ಕದ ತಮಿಳುನಾಡಿದೆ: 2021ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಅರಸಿ ಬರುವ ವೈದ್ಯಸೇವೆ) ಯೋಜನೆ ಮಾತ್ರೆ ಕೊಡುವ ಮಹಿಳಾ ಕಾರ್ಯಕರ್ತೆಯರ ಜೊತೆಗೆ ಫಿಸಿಯೋಥೆರಪಿಯವರನ್ನೂ ಉಪಶಮನ ಆರೈಕೆಯ ನರ್ಸನ್ನೂ ಮನೆಗೆ ಕಳಿಸುತ್ತದೆ. ಲಕ್ವ ಹೊಡೆದವರ ಕೈಕಾಲಿಗೆ ಬೇಕಿರುವುದು ಅದೇ, ಆ ಕೆಲಸವನ್ನು ಆಶಾ ಮೇಲೆ ಹೊರಿಸಲಾಗದು.

ಹಾಗಾಗಿ ಮನೆಯಲ್ಲೊಂದು ನೂರು ಪುಟದ ನೋಟ್‌ಬುಕ್ ಇಡಿ. ಬಂದ ದಿನ, ಎರಡೂ ಬಿಪಿ, ಶುಗರ್ ಊಟಕ್ಕೆ ಮುಂಚೆಯೋ ಆಮೇಲೋ, ಕೊಟ್ಟ ಮಾತ್ರೆ ಎಷ್ಟು, ಎಂದಿಗೆ ಮುಗಿಯುತ್ತದೆ ಎಂಬುದನ್ನು ಸಿಸ್ಟರ್ ಕೈಯಲ್ಲೇ ಬರೆಸಿಕೊಳ್ಳಿ. ಕೊನೆಯ ಸಾಲಿನಲ್ಲಿ ‘ಡಾಕ್ಟರು ಏನೆಂದರು’ ಎಂದು ಬರೆದು ಜಾಗ ಬಿಡಿ. ಎರಡು ಭೇಟಿ ಕಳೆದರೂ ಅದು ಖಾಲಿಯೇ ಇದ್ದರೆ ನೋಟ್‌ಬುಕ್ಕನ್ನು ಮನೆಯವರೊಬ್ಬರು ಪಿಎಚ್‌ಸಿಗೆ ಒಯ್ದು ವೈದ್ಯಾಧಿಕಾರಿಯ ಮೇಜಿನ ಮೇಲೆ ಬಿಚ್ಚಿಡಲಿ. ಖಾಲಿಯಾದ ಮಾತ್ರೆ ಸ್ಟ್ರಿಪ್‌ಗಳನ್ನೂ ಎಸೆಯದೆ ಅದರೊಳಗೇ ಇಟ್ಟಿರಿ.