ದರ ಒಂದು ಫೈಲಿನಲ್ಲಿ, ಬಿಲ್ಲು ಇನ್ನೊಂದರಲ್ಲಿ: ಪೈಥಾನ್‌ನಲ್ಲಿ ಯಾವ ದಾರಿ ಹಿಡಿಯಬೇಕು?

ಗೋಣಿಕೊಪ್ಪದ ಒಬ್ಬ ಕಾಫಿ ವ್ಯಾಪಾರಿಗೆ ಪೈಥಾನ್ ಭಾಷೆಯಲ್ಲಿ ಬಿಲ್ ಮಾಡುವ ಪ್ರೋಗ್ರಾಂ ಬರೆದುಕೊಡುವಾಗ ಈ ಪ್ರಶ್ನೆ ಎದುರಾಯಿತು. ದರ ಇರೋದು ಒಂದು ಫೈಲಿನ ಕ್ಲಾಸಿನಲ್ಲಿ, ಅಂದರೆ ಒಂದು ವಿಷಯದ ಅಂಕಿಗಳನ್ನೂ ಕೆಲಸಗಳನ್ನೂ ಒಟ್ಟಿಗೆ ಇಡುವ ಅಚ್ಚಿನಲ್ಲಿ. ಬೇರೆ ಫೈಲುಗಳಿಗೆ ಅದು ಹೇಗೆ ಸಿಗಬೇಕು? ಎಲ್ಲ ದಾರಿಯನ್ನೂ ಹಿಡಿದು ನೋಡಿದೆ.

ದರ ಅನ್ನೋ ಫೈಲಿನಲ್ಲಿ ದರಪಟ್ಟಿ ಅನ್ನೋ ಕ್ಲಾಸ್ ಇದೆ. ಅದರೊಳಗೆ ಚೆರಿ (ಒಣಗಿಸಿದ ಕಾಫಿ ಹಣ್ಣು) ಅನ್ನೋ ಕ್ಲಾಸ್ ಆಟ್ರಿಬ್ಯೂಟ್, ಅಂದರೆ ಕ್ಲಾಸಿಗೇ ಸೇರಿದ ಹೆಸರು; ಅದರಲ್ಲಿರೋದು 50 ಕೆಜಿ ಚೀಲಕ್ಕೆ ಇವತ್ತಿನ ರೇಟು. ಪೈಥಾನ್ 3ರಲ್ಲಿ ಹೆಸರುಗಳನ್ನು ಹೀಗೆ ಕನ್ನಡದಲ್ಲೇ ಇಡಬಹುದು. ಕಾಫಿಯ ಇನ್ನೊಂದು ಬಗೆಯಾದ ಪಾರ್ಚ್‌ಮೆಂಟ್ ಹೆಸರು ಇಡಲು ಹೋದರೆ ಮಾತ್ರ ಟೈಪ್ ಮಾಡುವಾಗ ನಡುವೆ ಸೇರುವ ಕಾಣದ ಅಕ್ಷರಕ್ಕೆ ಎರರ್ ಬರುತ್ತದೆ.

ಮೊದಲ ದಾರಿ: ಬಿಲ್ಲಿನ ಫೈಲಿನ ತಲೆಯಲ್ಲೇ 'ಚೆರಿ = ದರಪಟ್ಟಿ.ಚೆರಿ' ಅಂತ ಬರೆದು, ಕೆಳಗೆಲ್ಲ ಬರೀ ಚೆರಿ ಅಂತ ಬಳಸುವುದು. ನೋಡೋಕೆ ಚೆಂದ. ಆದರೆ ಉದಾಹರಣೆಗೆ ಬೆಳಗ್ಗೆ 10,000 ಇದ್ದ ರೇಟನ್ನು ಮಧ್ಯಾಹ್ನ 10,400 ಮಾಡಿದರೂ ಬಿಲ್ಲಿನಲ್ಲಿ 10,000 ಅಂತಲೇ ಬರುತ್ತದೆ. ಇಂಪೋರ್ಟ್ ಆಗುವಾಗ, ಅಂದರೆ ಒಂದು ಫೈಲನ್ನು ಇನ್ನೊಂದು ತರಿಸಿಕೊಳ್ಳುವಾಗ, ಆ ಸಾಲು ಒಂದೇ ಸಲ ಓಡುತ್ತದೆ, ಆ ಹೊತ್ತಿನ ಅಂಕಿ ಆ ಹೆಸರಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಕ್ಲಾಸಿನಲ್ಲಿ ಏನೇ ಬದಲಾದರೂ ಅದಕ್ಕೆ ಗೊತ್ತಾಗೋದಿಲ್ಲ. ಹತ್ತು ಚೀಲ ತಂದ ಬೆಳೆಗಾರರಿಗೆ 4,000 ರೂಪಾಯಿ ಕಡಿಮೆ ಸಿಗುತ್ತದೆ, ಇದು ಸಣ್ಣ ವಿಷಯ ಅಲ್ಲ. ಚೀಲಕ್ಕೆ 50 ಕೆಜಿ ಅನ್ನೋ ಥರದ ಬದಲಾಗದ ಅಂಕಿಗೆ ಈ ದಾರಿ ಸಾಕು. ದರಕ್ಕೆ ಬೇಡವೇ ಬೇಡ.

ಎರಡನೆಯದು: ಕ್ಲಾಸನ್ನೇ ಇಂಪೋರ್ಟ್ ಮಾಡಿಕೊಂಡು, ಬೇಕಾದಾಗಲೆಲ್ಲ 'ದರಪಟ್ಟಿ.ಚೆರಿ' ಅಂತ ಕೇಳುವುದು. ಎಷ್ಟು ಫೈಲು ಇಂಪೋರ್ಟ್ ಮಾಡಿದರೂ ಮಾಡ್ಯೂಲ್ (ಅಂದರೆ ಆ ದರದ ಫೈಲು) ಓಡುವುದು ಒಂದೇ ಸಲ, ಹಾಗಾಗಿ ಎಲ್ಲರಿಗೂ ಸಿಗುವುದು ಅದೇ ಕ್ಲಾಸ್, ಅದೇ ಹೊಸ ರೇಟು. ಹುಷಾರಾಗಿರಬೇಕಾದ್ದು ಬರೆಯುವಾಗ. ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಒಳಗೆ 'ಸೆಲ್ಫ್.ಚೆರಿ = 10400' ಅಂದರೆ ಕ್ಲಾಸಿನ ದರ ಹಾಗೇ ಇರುತ್ತದೆ; ಸೆಲ್ಫ್ ಅನ್ನೋ ಆ ಒಂದು ಆಬ್ಜೆಕ್ಟಿಗೆ (ಕ್ಲಾಸಿನ ಅಚ್ಚಿನಿಂದ ಮಾಡಿದ ಒಂದು ಪ್ರತಿಗೆ) ಮಾತ್ರ ಅದೇ ಹೆಸರಿನ ಬೇರೆ ಆಟ್ರಿಬ್ಯೂಟ್ ಹುಟ್ಟಿ ಕ್ಲಾಸಿನದನ್ನು ಮರೆ ಮಾಡುತ್ತದೆ. ಓದುವಾಗ ಎರಡೂ ಒಂದೇ ಥರ ಕಾಣುತ್ತೆ, ಅದಕ್ಕೇ ಹುಡುಕೋದು ಕಷ್ಟ. ದರ ಬದಲಿಸೋಕೆ ನಾನು ಒಂದು ಕ್ಲಾಸ್‌ಮೆಥಡ್ (ಆಬ್ಜೆಕ್ಟಿನ ಬದಲು ಕ್ಲಾಸಿನ ಮೇಲೇ ಕೆಲಸ ಮಾಡುವ ಮೆಥಡ್) ಇಟ್ಟು, ಹೊರಗಿನ ಫೈಲುಗಳೆಲ್ಲ ಅದನ್ನೇ ಕರೆಯುವ ಹಾಗೆ ಮಾಡಿದೆ. ಯಾರಾದರೂ ಸೊನ್ನೆ ಒತ್ತಿದರೂ ಅಲ್ಲೇ ತಡೆಯಬಹುದು ಅಲ್ವಾ?

ಮೂರನೆಯದು ಇಡೀ ಮಾಡ್ಯೂಲನ್ನು ತಂದು 'ದರ.ದರಪಟ್ಟಿ.ಚೆರಿ' ಅನ್ನುವುದು. ಟೈಪಿಂಗ್ ಜಾಸ್ತಿ, ಉಳಿದಂತೆ ಎರಡನೆಯದೇ. ಎರಡು ಫೈಲು ಒಂದನ್ನೊಂದು ಇಂಪೋರ್ಟ್ ಮಾಡುವಲ್ಲಿ ಮಾತ್ರ ಇದೇ ಗೆಲ್ಲುತ್ತದೆ, ಯಾಕೆಂದರೆ ಫಂಕ್ಷನ್ ಒಳಗೆ ಬರೆದ ಚುಕ್ಕಿಯ ಆಚೆಯ ಹೆಸರನ್ನು ಪೈಥಾನ್ ಹುಡುಕುವುದು ಆ ಫಂಕ್ಷನ್ ಓಡುವಾಗ.

ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಹಿಡಿಸಿದ್ದು: ದರಪಟ್ಟಿಯ ಒಂದು ಆಬ್ಜೆಕ್ಟ್ ಮಾಡಿ ಬಿಲ್ಲಿನ ಕೈಗೆ ಕೊಡುವುದು. ವ್ಯಾಪಾರಿಗೆ ಸೋಮವಾರಪೇಟೆ ಕಡೆಯೂ ಖರೀದಿ ಇದೆ, ಅಲ್ಲಿ ಅರೇಬಿಕಾ ಜಾಸ್ತಿ, ಎರಡೂ ಕಡೆಯ ರೇಟು ಒಂದೇ ಇರುವುದಿಲ್ಲ. ಕ್ಲಾಸ್ ಆಟ್ರಿಬ್ಯೂಟಿನಲ್ಲಿ ಒಂದೇ ರೇಟಿಗೆ ಜಾಗ. ತಂತಮ್ಮ ರೇಟು ತಮ್ಮಲ್ಲೇ ಇಟ್ಟುಕೊಂಡ ಎರಡು ಆಬ್ಜೆಕ್ಟ್ ಇದ್ದರೆ ತಾಪತ್ರಯವೇ ಇಲ್ಲ, ಬಿಲ್ಲಿಗೆ ಕ್ಲಾಸಿನ ಹೆಸರೂ ಗೊತ್ತಿರಬೇಕಾಗಿಲ್ಲ, ಟೆಸ್ಟ್ ಮಾಡುವಾಗ ಸುಮ್ನೆ ಬೇರೆ ದರ ಕೊಟ್ಟು ನೋಡಬಹುದು. ಒಂದೇ ಅಂಗಡಿ, ಒಂದೇ ರೇಟು ಅಂದರೆ ಎರಡನೆಯದೇ ಸಾಕು.

ಈ ನಾಲ್ಕೂ ಓಡುತ್ತಿರುವ ಒಂದು ಪ್ರೋಗ್ರಾಂ ಒಳಗಿನ ಮಾತು. ಕರೆಂಟ್ ಹೋಗಿ ಸಿಸ್ಟಂ ಆಫ್ ಆದರೆ ಹೊಸ ರೇಟೂ ಹೋಯಿತು, ಅದನ್ನು ಫೈಲಿನಲ್ಲೋ ಡೇಟಾಬೇಸಿನಲ್ಲೋ ಇಡಬೇಕು. ದರದ ಫೈಲನ್ನೇ ನೇರವಾಗಿ ಓಡಿಸಲೂ ಬೇಡಿ. ಹಾಗೆ ಓಡಿಸಿದಾಗ ಅದರ ಹೆಸರು ಮೇನ್ ಅಂತಾಗುತ್ತದೆ, ಬಿಲ್ಲು ಅದನ್ನು ಇಂಪೋರ್ಟ್ ಮಾಡಿದಾಗ ಅದೇ ಫೈಲು ಇನ್ನೊಂದು ಸಲ ಓಡಿ ಎರಡು ದರಪಟ್ಟಿ ಆಗುತ್ತವೆ, ಒಂದರಲ್ಲಿ ಹಳೇ ರೇಟು, ಇನ್ನೊಂದರಲ್ಲಿ ಹೊಸದು. ಶುರು ಮಾಡೋಕೆ ಬೇರೆಯೇ ಒಂದು ಚಿಕ್ಕ ಫೈಲು ಇಡಿ.