ಕರ್ನಲ್ ಟ್ರೀಯಲ್ಲಿ ಟ್ಯಾಗ್ಸ್, ಸಿಸ್ಕೋಪ್, ಜಿಟ್ಯಾಗ್ಸ್: ಬಳಸಿ ನೋಡಿದ ಹೋಲಿಕೆ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಸೂಚನೆಗಳ ಫೈಲ್) ಸೋರ್ಸ್ ಕೋಡಿಗೆ ಸೂಚಿ, ಅಂದರೆ ಯಾವ ಹೆಸರು ಎಲ್ಲಿದೆ ಎಂಬ ಪಟ್ಟಿ, ಕಟ್ಟುವ ನಾಲ್ಕು ಟಾರ್ಗೆಟ್‌ಗಳಿವೆ ('ಮೇಕ್' ಆಜ್ಞೆಗೆ ಕೊಡುವ ಕೆಲಸದ ಹೆಸರುಗಳು): ವಿಮ್ ಎಡಿಟರ್‌ಗೆ ಸಣ್ಣಕ್ಷರದ ಟ್ಯಾಗ್ಸ್, ಇಮ್ಯಾಕ್ಸ್ ಎಡಿಟರ್‌ಗೆ ದೊಡ್ಡಕ್ಷರದ ಟ್ಯಾಗ್ಸ್, ಇವುಗಳ ಜೊತೆಗೆ ಸಿಸ್ಕೋಪ್ ಮತ್ತು ಜಿಟ್ಯಾಗ್ಸ್. (ಮ್ಯಾಕ್‌ನ ರೂಢಿಯ ಫೈಲ್ ಸಿಸ್ಟಮ್ ಈ ಅಕ್ಷರಭೇದವನ್ನು ಎಣಿಸುವುದಿಲ್ಲವಾದ್ದರಿಂದ ಅಲ್ಲಿ ಮೊದಲ ಎರಡನ್ನೂ ಓಡಿಸಿದರೆ ಒಂದರ ಮೇಲೆ ಇನ್ನೊಂದು ಬರೆದುಕೊಳ್ಳುತ್ತದೆ.) ನಾನು ವಿಮ್ ಬಳಸುವವನು. ಒಂದು ಡ್ರೈವರ್ ಕೆಲಸದ ಅವಧಿಯಲ್ಲಿ ಇಮ್ಯಾಕ್ಸ್‌ನದನ್ನು ಬಿಟ್ಟು ಉಳಿದ ಮೂರನ್ನೂ ಒಂದೇ ಟ್ರೀಯ (ಸೋರ್ಸ್ ಫೋಲ್ಡರ್) ಮೇಲೆ ಸರದಿಯಾಗಿ ಬಳಸಿದೆ.

ಮೊದಲು ಮೇಕ್‌ನ ಗೊಡವೆಗೆ ಹೋಗದೆ, ಟ್ಯಾಗ್ಸ್ ಟಾರ್ಗೆಟ್‌ನ ಹಿಂದಿರುವ ಸಿಟ್ಯಾಗ್ಸ್ ಸಾಧನವನ್ನು ನೇರವಾಗಿ 'ಸಿಟ್ಯಾಗ್ಸ್ -ಆರ್' ಎಂದಷ್ಟೇ ಓಡಿಸಿದ್ದೆ. ಪಿಟಿ_ರೆಗ್ಸ್ ಎಂಬ ಸ್ಟ್ರಕ್ಟ್ (ಡೇಟಾ ರಚನೆ) ಮೇಲೆ ಕರ್ಸರ್ ಇಟ್ಟು ಜಿಗಿದರೆ ನನಗೆ ಸಂಬಂಧವೇ ಇಲ್ಲದ ಆಲ್ಫಾ ಪ್ರೊಸೆಸರ್‌ನ ಹೆಡರ್ ತೆರೆಯಿತು, ಏಕೆಂದರೆ ಪ್ರತಿಯೊಂದು ಆರ್ಕಿಟೆಕ್ಚರ್‌ಗೂ (ಪ್ರೊಸೆಸರ್ ಬಗೆ) ಆ ಹೆಸರಿನ ಸ್ಟ್ರಕ್ಟ್ ಇದೆ ಮತ್ತು ಅಕ್ಷರಕ್ರಮದಲ್ಲಿ ಆಲ್ಫಾ ಮುಂದಿದೆ. ಸಿಸ್_ಓಪನ್ಎಟ್ ಹುಡುಕಿದಾಗ ಟ್ಯಾಗ್ ಸಿಗಲಿಲ್ಲವೆಂಬ ಇ426 ದೋಷ ಬಂತು. ಆ ಫಂಕ್ಷನ್ ಸೋರ್ಸ್‌ನಲ್ಲಿ ಆ ಹೆಸರಿನಿಂದ ಇಲ್ಲ, ಸಿಸ್ಕಾಲ್_ಡಿಫೈನ್4 ಎಂಬ ಮ್ಯಾಕ್ರೋದೊಳಗೆ (ಕಂಪೈಲ್ ಆಗುವ ಮೊದಲು ಪೂರ್ಣ ಕೋಡ್ ಆಗಿ ವಿಸ್ತರಿಸುವ ಹೆಸರು) ಅಡಗಿದೆ. 'ಮೇಕ್ ಟ್ಯಾಗ್ಸ್' ಓಡಿಸುವ ಟ್ಯಾಗ್ಸ್ ಡಾಟ್ ಎಸ್ಎಚ್ ಸ್ಕ್ರಿಪ್ಟ್ ಇವೆರಡನ್ನೂ ಬಲ್ಲದು: ನಾವು ಬಿಲ್ಡ್ ಮಾಡುತ್ತಿರುವ ಆರ್ಕಿಟೆಕ್ಚರ್‌ನ ಫೈಲ್‌ಗಳನ್ನಷ್ಟೇ ಆರಿಸಿಕೊಳ್ಳುತ್ತದೆ, ಇಂಥ ಮ್ಯಾಕ್ರೋಗಳನ್ನು ಗುರುತಿಸುವ ರೆಜೆಕ್ಸ್‌ಗಳನ್ನು (ಪಠ್ಯದ ನಮೂನೆ ಹಿಡಿಯುವ ಸೂತ್ರಗಳು) ಸಿಟ್ಯಾಗ್ಸ್‌ಗೆ ಒದಗಿಸುತ್ತದೆ. ಸಾಧನ ಅದೇ ಇದ್ದರೂ ಟಾರ್ಗೆಟ್ ಮೂಲಕ ಹೋದಾಗ ಉತ್ತರವೇ ಬೇರೆಯಾಯಿತು. ಸಿಟ್ಯಾಗ್ಸ್ ಎಂದರೆ ಇಲ್ಲಿ ಯೂನಿವರ್ಸಲ್ ಸಿಟ್ಯಾಗ್ಸ್ ಎಂದೇ ತಿಳಿಯಬೇಕು; ಅದರ ಹಳೆಯ ರೂಪವಾದ ಎಕ್ಸ್ಯೂಬರೆಂಟ್ ಸಿಟ್ಯಾಗ್ಸ್‌ನ 5.8 ಆವೃತ್ತಿ 2009ರದು.

ಆದರೆ ಸಿಟ್ಯಾಗ್ಸ್ ವ್ಯಾಖ್ಯೆ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಅದನ್ನು ಕರೆಯುವವರು ಯಾರು ಎಂಬುದಕ್ಕೆ ಉತ್ತರಿಸುವುದಿಲ್ಲ. ಅಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸಿಸ್ಕೋಪ್ ಇಂದಿಗೂ ನನ್ನ ಮೊದಲ ಆಯ್ಕೆ: ಕರೆ ಇರುವ ಸಾಲಿನ ಜೊತೆಗೆ ಆ ಸಾಲು ಯಾವ ಫಂಕ್ಷನ್‌ನ ಒಳಗಿದೆ ಎಂಬುದನ್ನೂ ಅದು ಕೊಡುತ್ತದೆ. ಅದರ ಮಿತಿಯೂ ಬೇಗನೆ ಗೊತ್ತಾಯಿತು. ನನ್ನ ಡ್ರೈವರ್‌ನ ಪ್ರೋಬ್ ಫಂಕ್ಷನ್ನನ್ನು (ಸಾಧನ ಸಿಕ್ಕಾಗ ಕರ್ನಲ್ ಕರೆಯುವುದು) ಯಾರು ಕರೆಯುತ್ತಾರೆಂದು ಕೇಳಿದರೆ ಯಾರೂ ಇಲ್ಲ ಎಂದಿತು, ಏಕೆಂದರೆ ಆ ಕರೆ ಹೆಸರಿನಿಂದಲ್ಲ, ಪಾಯಿಂಟರ್ (ಫಂಕ್ಷನ್‌ನ ವಿಳಾಸ) ಮೂಲಕ ನಡೆಯುತ್ತದೆ. ಅದೇ ಹೆಸರನ್ನು ಸಿಂಬಲ್ ಎಂದು ಹುಡುಕಿದಾಗ ಮಾತ್ರ ಪ್ಲಾಟ್‌ಫಾರ್ಮ್ ಡ್ರೈವರ್ ಸ್ಟ್ರಕ್ಟ್‌ನಲ್ಲಿ ಅದನ್ನು ತುಂಬಿದ ಸಾಲು ಕಾಣಿಸಿತು. ಇನ್ನು ವಿಮ್‌ನ ಕವಲಾದ ನಿಯೋವಿಮ್‌ನವರು 0.9 ಆವೃತ್ತಿಯಲ್ಲಿ ಸಿಸ್ಕೋಪ್ ಬೆಂಬಲವನ್ನೇ ತೆಗೆದುಹಾಕಿದ್ದಾರೆ, ಅದನ್ನು ಬಳಸುವವರಿಗೆ ಪ್ಲಗಿನ್ ಬೇಕಾಗುತ್ತದೆ.

ಗ್ನು ಗ್ಲೋಬಲ್ ಎಂಬ ಸಾಧನದ ಜಿಟ್ಯಾಗ್ಸ್ ವ್ಯಾಖ್ಯೆ ಮತ್ತು ಬಳಕೆ ಎರಡನ್ನೂ ಹುಡುಕಿಕೊಡುತ್ತದೆ, ಆದರೆ ಬಳಕೆಯ ಸಾಲು ಯಾವ ಫಂಕ್ಷನ್‌ನದು ಎಂದು ಹೇಳುವುದಿಲ್ಲ. ಕರ್ನಲ್ ಸ್ಕ್ರಿಪ್ಟ್‌ನ ಮ್ಯಾಕ್ರೋ ರೆಜೆಕ್ಸ್‌ಗಳ ಪ್ರಯೋಜನವೂ ಅದಕ್ಕೆ ಸಿಗುವುದಿಲ್ಲ. ಅದರ ನಿಜವಾದ ಲಾಭ 'ಗ್ಲೋಬಲ್ -ಯು' ಆಜ್ಞೆಯಲ್ಲಿದೆ. ದಿನಕ್ಕೆ ಹಲವು ಸಲ ಬ್ರ್ಯಾಂಚ್ (ಕೋಡಿನ ಕವಲು) ಬದಲಿಸುವವರಿಗೆ, ಬದಲಾದ ಫೈಲ್‌ಗಳನ್ನಷ್ಟೇ ಓದಿ ಇದ್ದ ಡೇಟಾಬೇಸನ್ನೇ ತಿದ್ದುವ ಈ ಕ್ರಮ ಹಿತವಾಗಿದೆ. ಟ್ಯಾಗ್ಸ್ ಟಾರ್ಗೆಟ್ ಪ್ರತಿ ಸಲವೂ ಮೊದಲಿನಿಂದ ಕಟ್ಟುತ್ತದೆ.

ಈಗ ನಾನು ಟ್ಯಾಗ್ಸ್ ಮತ್ತು ಸಿಸ್ಕೋಪ್ ಎರಡನ್ನೂ 'ಕಂಪೈಲ್ಡ್_ಸೋರ್ಸ್=1' ಸೇರಿಸಿ ಒಟ್ಟಿಗೆ ಓಡಿಸುತ್ತೇನೆ. ಹೀಗೆ ಮಾಡಿದರೆ ನಿಜವಾಗಿ ಕಂಪೈಲ್ ಆದ ಫೈಲ್‌ಗಳು ಮಾತ್ರ ಸೂಚಿಗೆ ಸೇರುತ್ತವೆ ಮತ್ತು ಹುಡುಕಾಟದ ಫಲಿತಾಂಶ ಬಹಳ ಚೊಕ್ಕಟವಾಗುತ್ತದೆ. ಆದರೆ ಬಿಲ್ಡ್ ಮುಗಿದ ಮೇಲೆಯೇ ಇದನ್ನು ಓಡಿಸಬೇಕು: ಕಾನ್ಫಿಗ್‌ನಲ್ಲಿ (ಏನನ್ನು ಬಿಲ್ಡ್ ಮಾಡಬೇಕೆಂಬ ಆಯ್ಕೆಗಳ ಫೈಲ್) ಹೊಸ ಡ್ರೈವರ್ ಒಂದನ್ನು ಸೇರಿಸಿ, ಬಿಲ್ಡ್‌ಗೆ ಮೊದಲೇ ಸೂಚಿ ಕಟ್ಟಿದ ದಿನ, ಕಣ್ಣೆದುರಿಗಿದ್ದ ಫಂಕ್ಷನ್ ಸಿಸ್ಕೋಪ್‌ಗೆ ಏಕೆ ಸಿಗುತ್ತಿಲ್ಲವೆಂದು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ.